ಗಾದೆಮಾತಿನ ವಿವೇಕ ಮತ್ತು ಹೊರನಾಡ ಕನ್ನಡಿಗ

(ಸಂಘದ ವಾರ್ಷಿಕ ವಿಶೇಷೋಪನ್ಯಾಸದ ಪಠ್ಯ)



ಈ ವರ್ಷದ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದ ಕಾರ್ಯಕಾರಿ ಸಮಿತಿಯು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟಿತು. ನಾನು ವೃತ್ತಿಯಿಂದ ಜಾನಪದ ವಿದ್ವಾಂಸನಲ್ಲ. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ಸೇವೆಗೆ ಸೇರಿ, ಹೈದರಾಬಾದು, ಚೆನ್ನೈ, ನಾಗಪುರಗಳನ್ನು ಸುತ್ತಿ ಈಗ ಮುಂಬಯಿಯಲ್ಲಿರುವ ಒಬ್ಬ ಅಧಿಕಾರಿ, ಅಷ್ಟೆ. ಆದರೂ ಗಾದೆಗಳನ್ನು ಕುರಿತು ಮಾತನಾಡುವ ಧೈರ್ಯ ಮಾಡಿದ್ದೇನೆ. ಏಕೆಂದರೆ ಗಾದೆ ವಿದ್ವಾಂಸರ ಸ್ವತ್ತಲ್ಲ. ಅದು ಆಡುವವರ ಸ್ವತ್ತು. ನನ್ನ ಇಂದಿನ ಚಿಂತೆಯೂ ಅದೇ. ಆಡುವವರು ಕಡಿಮೆಯಾದಾಗ ಆ ಸ್ವತ್ತು ಯಾರ ಪಾಲಾಗುತ್ತದೆ?

'ಗಾದೆ' ಎಂಬ ಪದವು ಸಂಸ್ಕೃತದ 'ಗಾಥಾ' ಶಬ್ದದ ತದ್ಭವವೆಂದು ಹೇಳುತ್ತಾರೆ. ನಾಣ್ಣುಡಿ, ಲೋಕೋಕ್ತಿ ಎಂಬ ಹೆಸರುಗಳೂ ಇದಕ್ಕುಂಟು. ಇವುಗಳ ಸಂಗ್ರಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ, ಪದಗಳ ಅರ್ಥಕ್ಕೆ ಸಾಕ್ಷಿಯಾಗಿ ಕವಿಗಳ ಪ್ರಯೋಗಗಳ ಜೊತೆಯಲ್ಲೇ ಹಳ್ಳಿಗರ ಗಾದೆಗಳೂ ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿ ಜಗದ್ವಿಖ್ಯಾತರಾದ ಎ. ಕೆ. ರಾಮಾನುಜನ್ ಅವರು, 1955ರಷ್ಟು ಹಿಂದೆಯೇ ಧಾರವಾಡದಿಂದ ಗಾದೆಗಳನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದ್ದರು. ಆದ್ದರಿಂದ ಗಾದೆಗಳು ಅಳಿದುಹೋಗುತ್ತವೆ ಎಂಬ ಭಯ ನನಗಿಲ್ಲ. ಕಪಾಟಿನಲ್ಲಿ ಅವು ಕ್ಷೇಮವಾಗಿವೆ. ಕ್ಷೇಮವಾಗಿಲ್ಲದಿರುವುದು ಅವುಗಳನ್ನು ಹೊತ್ತರಿತು ಆಡುವ ವಿವೇಕ.

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದು ಗಾದೆಗಳ ಬಗೆಗೇ ಇರುವ ಗಾದೆ. ನಾವೆಲ್ಲರೂ ಶಾಲೆಯಲ್ಲಿ 'ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಮೊದಲ ಸಾಲಾಗಿ ಇದನ್ನೇ ಬರೆದು ಅಂಕ ಗಿಟ್ಟಿಸಿದವರು. ಗಾದೆ ಹಿರಿಯರ ಅನುಭವದ ಸಾರ, ಅದು ನಿತ್ಯಸತ್ಯ, ನಾವು ಅದನ್ನು ಪಾಲಿಸತಕ್ಕದ್ದು — ಇಷ್ಟು ಬರೆದರೆ ಉತ್ತರ ಮುಗಿಯಿತು. ಆದರೆ ಒಂದೇ ಒಂದು ಗಾದೆಯನ್ನು ಕೊಡುವ ಆ ಪ್ರಶ್ನೆಪತ್ರಿಕೆ ಅದರ ಎದುರು ನಿಲ್ಲುವ ಇನ್ನೊಂದನ್ನು ಎಂದೂ ಕೊಡುವುದಿಲ್ಲ. ಜೋಡಿಯಾಗಿ ಕೊಟ್ಟಿದ್ದರೆ ಏನಾಗುತ್ತಿತ್ತು, ನೋಡೋಣ.

'ತಾಳಿದವನು ಬಾಳಿಯಾನು' ಎನ್ನುತ್ತದೆ ಒಂದು ಗಾದೆ. 'ಗಾಳಿ ಬಂದಾಗ ತೂರಿಕೋ' ಎನ್ನುತ್ತದೆ ಇನ್ನೊಂದು. ಕಣದಲ್ಲಿ ರಾಶಿ ಹಾಕಿಕೊಂಡು ಕುಳಿತ ರೈತನಿಗೆ ಗಾಳಿ ಅವನ ಅಪ್ಪಣೆಯಂತೆ ಬೀಸುವುದಿಲ್ಲ. ಬೀಸಿದ ಹೊತ್ತಿನಲ್ಲಿ ಮೊರವೆತ್ತಿದರೆ ಮಾತ್ರ ಕಾಳು ಬೇರೆ, ಹೊಟ್ಟು ಬೇರೆ. ಅಲ್ಲಿ ತಾಳ್ಮೆ ಗುಣವಲ್ಲ, ದೋಷ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದವರೇ 'ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು' ಎಂದೂ ಹೇಳಿದ್ದಾರೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ದುಡಿಮೆಗೆ ಹಚ್ಚಿದವರೇ 'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ?' ಎಂದು ಸಮಾಧಾನವನ್ನೂ ಹೇಳಿದ್ದಾರೆ. ಎರಡರಲ್ಲಿ ಯಾವುದು ಸತ್ಯ, ಯಾವುದು ಸುಳ್ಳು?

ಈ ಪ್ರಶ್ನೆಯೇ ಸರಿಯಲ್ಲವೆಂದು ನನ್ನ ಭಾವನೆ. ಗಾದೆ ಒಂದು ಸಿದ್ಧಾಂತವಲ್ಲ, ಅದೊಂದು ಆಯುಧ. ಬಡಗಿಯ ಪೆಟ್ಟಿಗೆಯಲ್ಲಿ ಗರಗಸವೂ ಇರುತ್ತದೆ, ಮೊಳೆಯೂ ಇರುತ್ತದೆ. ಒಂದು ತುಂಡರಿಸುತ್ತದೆ, ಇನ್ನೊಂದು ಕೂಡಿಸುತ್ತದೆ. ಅವು ಪರಸ್ಪರ ವಿರುದ್ಧವೆಂದು ಯಾರೂ ದೂರುವುದಿಲ್ಲ. ಯಾವ ಹೊತ್ತಿಗೆ ಯಾವುದಕ್ಕೆ ಕೈಹಾಕಬೇಕೆಂಬುದನ್ನು ಬಲ್ಲವನೇ ಬಡಗಿ. ಹಾಗೆಯೇ ನಮ್ಮ ಹಿರಿಯರ ಲೋಕಜ್ಞಾನವಿದ್ದದ್ದು ಗಾದೆಗಳಲ್ಲಲ್ಲ. ಆತುರದವನ ಮುಂದೆ 'ತಾಳಿದವನು ಬಾಳಿಯಾನು' ಎಂದೂ, ಸೋಮಾರಿಯ ಮುಂದೆ 'ಗಾಳಿ ಬಂದಾಗ ತೂರಿಕೋ' ಎಂದೂ ಹೇಳಬಲ್ಲ ಆಯ್ಕೆಯಲ್ಲಿ. 1964ರಲ್ಲಿ ಅರೇವಾ ಮತ್ತು ಅಲನ್ ಡಂಡಸ್ ಎಂಬ ಜಾನಪದ ವಿದ್ವಾಂಸರು ಆಫ್ರಿಕದ ಯೊರುಬಾ ಜನರ ಗಾದೆಗಳನ್ನು ಕುರಿತು ಬರೆದ ಲೇಖನವೊಂದರಲ್ಲಿ, ಗಾದೆಯ ಪಠ್ಯವನ್ನಷ್ಟೇ ಸಂಗ್ರಹಿಸಿದರೆ ಸಾಲದು, ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಅದನ್ನು ಹೇಳುತ್ತಾರೆಂಬುದನ್ನೂ ದಾಖಲಿಸಬೇಕೆಂದು ವಾದಿಸಿದರು. ನಮ್ಮ ಅಜ್ಜಿಯರು ಆ ಲೇಖನವನ್ನು ಓದದೆಯೇ ಅದನ್ನು ಅರಿತಿದ್ದರು.

ಇದು ಕೇವಲ ವಿದ್ವತ್ತಿನ ಚರ್ಚೆಯಲ್ಲವೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಕನ್ನಡ ಮನೆಯವರು, ಕಾಯಿದೆ ಬಲ್ಲವನೆಂಬ ನಂಬಿಕೆಯಿಂದ ನನ್ನನ್ನು ಕರೆಸಿದ್ದರು. ವಿಜಯಪುರ ಜಿಲ್ಲೆಯ ಕುಟುಂಬ. ತಂದೆ ತೀರಿಕೊಂಡಿದ್ದರು. ಊರಿನಲ್ಲಿ ಎಂಟು ಎಕರೆ ಹೊಲ. ಇಬ್ಬರು ಗಂಡುಮಕ್ಕಳು ಬೇರೆ ಬೇರೆ ಊರುಗಳಲ್ಲಿ; ಎಪ್ಪತ್ತು ದಾಟಿದ ತಾಯಿ ಮಾತ್ರ ಡೊಂಬಿವಲಿಯಲ್ಲಿ ಮಗಳು-ಅಳಿಯನ ಮನೆಯಲ್ಲಿ. ಊರ ಪಕ್ಕದಲ್ಲಿ ಹೆದ್ದಾರಿ ಬರುವ ಸುದ್ದಿಯಿಂದ ಹೊಲಕ್ಕೆ ಬೆಲೆ ಏರಿತ್ತು. ಮಾರಬೇಕೋ ಬೇಡವೋ ಎಂಬುದು ಅಂದಿನ ಪಂಚಾಯಿತಿ.

ಹಿರಿಯ ಮಗ, "ಅವ್ವಾ, ಗಾಳಿ ಬಂದಾಗ ತೂರಿಕೋಬೇಕು" ಎಂದ. ತಾಯಿ ತಲೆಯೆತ್ತದೆ, "ತಾಳಿದವ ಬಾಳ್ಯಾನಪ್ಪ" ಎಂದರು. ಇಬ್ಬರೂ ಒಂದೇ ಕಣದ ಭಾಷೆಯಲ್ಲಿ ಮಾತನಾಡುತ್ತಿದ್ದರು, ಹೀಗಾಗಿ ಜಗಳವಾಗಲಿಲ್ಲ. ಬೆಲೆ ಇನ್ನೂ ಏರಬಹುದು, ಇಳಿಯಲೂ ಬಹುದು ಎಂಬ ಲೆಕ್ಕಾಚಾರ ಆ ಎರಡು ಮಾತುಗಳ ನಡುವೆ ನಡೆದುಹೋಯಿತು. ಆಮೇಲೆ ನಾನು, ಮಗಳ ಅಭಿಪ್ರಾಯವೇನೆಂದು ಕೇಳಿದೆ. ಮೂಲೆಯಲ್ಲಿ ಕುಳಿತಿದ್ದ ಸೋದರಮಾವ ಆ ಪ್ರಶ್ನೆಯನ್ನು ಕೈಬೀಸಿ ತಳ್ಳಿ, "ಅಕ್ಕಾ, ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಹಿರಿಯರು ಹೇಳ್ಯಾರಲ್ಲ" ಎಂದರು. ಕೋಣೆ ನಿಶ್ಶಬ್ದವಾಯಿತು. ಗಾದೆಯ ಮುಂದೆ ವಾದ ಮಾಡುವುದು ಕಷ್ಟ. ವಾದಿಸಿದವರು ಹಿರಿಯರೆಲ್ಲರಿಗೂ ಎದುರು ನಿಂತಂತಾಗುತ್ತದೆ. ಆಗ ಆ ತಾಯಿ ತಮ್ಮನ ಕಡೆಗೆ ತಿರುಗಿ ಹೇಳಿದರು: "ಹೌದೋ ತಮ್ಮಾ. ಕುಲಕ್ಕ ಹೊರಗಾದಾಕಿನ ಆರು ವರ್ಷದಿಂದ ನನಗ ಅನ್ನ ಹಾಕ್ಯಾಳ. ಕುಲದಾಗ ಇದ್ದವರು ಹಬ್ಬಕ್ಕ ಫೋನ್ ಮಾಡ್ಯಾರ."

ಅದು ಯಾವ ಸಂಗ್ರಹದಲ್ಲಿಯೂ ಇರುವ ಗಾದೆಯಲ್ಲ. ಆದರೆ ಅದರ ಅಚ್ಚು ಗಾದೆಯದೇ: ಎರಡು ತೂಕದ ಕಲ್ಲು, ನಡುವೆ ತಕ್ಕಡಿ. ನಾನು ಕಾಯಿದೆಯ ವಿಷಯ ಹೇಳುವ ಮೊದಲೇ ತೀರ್ಪು ಆಗಿಹೋಗಿತ್ತು. ಹೊಲ ಇಂದಿಗೂ ಮಾರಾಟವಾಗಿಲ್ಲ. ಉತಾರದಲ್ಲಿ ತಾಯಿಯೊಂದಿಗೆ ಮೂವರು ಮಕ್ಕಳ ಹೆಸರೂ ಇದೆ.

ಕಾಯಿದೆಯ ಮಾತು ಬಂದಿದ್ದರಿಂದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟ ಪ್ರಗತಿಪರ ಹೆಜ್ಜೆ ಅದು. ಆದರೆ ಅಷ್ಟರಲ್ಲಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. ಅಂದರೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ, ಗಾದೆಯೆಂದು ಹೇಳಿಕೊಳ್ಳದೆಯೇ, ಶಾಸನದ ಒಂದು ಉಪಬಂಧವಾಗಿ ಕುಳಿತಿತ್ತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ, ಮದುವೆಯಾದವಳು ಆಗದವಳು ಎಂಬ ಭೇದವಿಲ್ಲದೆ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಒಂದು ಗಾದೆಯನ್ನು ಶಾಸನದಿಂದ ಕಿತ್ತುಹಾಕಲು ಹನ್ನೊಂದು ವರ್ಷ ಬೇಕಾಯಿತು. ನಾಲಗೆಯಿಂದ ಕಿತ್ತುಹಾಕಲು ಇನ್ನೆಷ್ಟು ಬೇಕೋ!

ಆದ್ದರಿಂದ 'ಜನಪದರ ವಿವೇಕ' ಎಂದು ಕೈಮುಗಿದು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವುದು ವಿವೇಕವಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಮಾತನ್ನೇ ನೋಡಿ. ಸಣ್ಣಪುಟ್ಟ ಮುನಿಸಿನ ಮನೆಯಲ್ಲಿ ಅದು ನಗು ತರಿಸುವ ಮದ್ದು. ದಿನವೂ ಹೊಡೆತ ತಿನ್ನುವ ಹೆಣ್ಣುಮಗಳು ಬಾಗಿಲು ತಟ್ಟಿದಾಗ ಅದೇ ಮಾತನ್ನಾಡಿದರೆ ಅದು ಮುಚ್ಚಿದ ಬಾಗಿಲು. ಗಾದೆ ಬದಲಾಗಲಿಲ್ಲ, ಸಂದರ್ಭ ಬದಲಾಯಿತು. 'ಬಡವನ ಸಿಟ್ಟು ದವಡೆಗೆ ಮೂಲ' ಎಂಬುದನ್ನು ಒಡೆಯನು ಆಳಿಗೆ ಹೇಳಿದರೆ ಬೆದರಿಕೆ. ಒಬ್ಬ ಆಳು ಇನ್ನೊಬ್ಬನಿಗೆ ಹೇಳಿದರೆ ಲೋಕದ ಅನ್ಯಾಯದ ಮೇಲಿನ ಕಹಿ ವ್ಯಾಖ್ಯಾನ. ಜಾತಿಯನ್ನು ಹಿಡಿದು ಹೀಯಾಳಿಸುವ ಗಾದೆಗಳಂತೂ ಯಾವ ಸಂದರ್ಭಕ್ಕೂ ಸಲ್ಲವು. ಅವು ನಿಘಂಟಿನಲ್ಲಿರಲಿ, ನಮ್ಮ ಸಮಾಜ ಹೇಗಿತ್ತೆಂಬುದಕ್ಕೆ ಸಾಕ್ಷಿಯಾಗಿ. ನಾಲಗೆಯ ಮೇಲೆ ಬೇಡ.

ಹೀಗೆ ಆರಿಸುವುದು ಪರಂಪರೆಗೆ ದ್ರೋಹವೆಂದು ಕೆಲವರಿಗೆ ಅನ್ನಿಸಬಹುದು. ಹಾಗೇನಿಲ್ಲ, ಪರಂಪರೆಯೇ ಈ ಕೆಲಸ ಮಾಡುತ್ತ ಬಂದಿದೆ. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಎಂಬುದು ಇಂದು ನಾವು ಆಡುವ ರೂಪ. ಹಳೆಯ ರೂಪದಲ್ಲಿ 'ಕುಣಿಯಲಾರದವಳು' ಇದ್ದ ಸ್ಥಾನದಲ್ಲಿ ವೇಶ್ಯೆಯನ್ನು ಹೆಸರಿಸುವ ಬೈಗುಳವಿತ್ತು. ಯಾವ ಸಮಿತಿಯೂ ಸಭೆ ಸೇರಿ ನಿರ್ಣಯ ಮಾಡಲಿಲ್ಲ. ಆಡುವ ಬಾಯಿಗಳೇ ಅದನ್ನು ಒಂದೊಂದಾಗಿ ತಿದ್ದಿಕೊಂಡವು.

ಈ ಗಾದೆಯನ್ನು ನೆನೆದಾಗಲೆಲ್ಲ ನನ್ನ ವರ್ಗಾವಣೆಗಳು ನನಗೆ ಕೊಟ್ಟ ಒಂದು ಲಾಭ ನೆನಪಾಗುತ್ತದೆ. ಕುಣಿಯಲಾರದವಳನ್ನು ನಾನು ಎಲ್ಲ ಊರುಗಳಲ್ಲಿಯೂ ಭೇಟಿಯಾದೆ. ಕನ್ನಡದವಳು ನೆಲವನ್ನು ದೂರಿದರೆ, ಮರಾಠಿಯವಳು ಮತ್ತು ಹಿಂದಿಯವಳು ಅಂಗಳವನ್ನು ದೂರುತ್ತಾರೆ. ತಮಿಳಿನವಳಿಗೆ ಮನೆಯ ಪಡಸಾಲೆ ಡೊಂಕು. ತೆಲುಗಿನವಳಿಗೆ ಮಾತ್ರ ಮದ್ದಳೆಯೇ ಒಡಕು. ಕೋಣನ ಮುಂದೆ ನಾವು ಕಿನ್ನರಿ ಬಾರಿಸಿದರೆ, ಹಿಂದಿಯವರು ಎಮ್ಮೆಯ ಮುಂದೆ ಪುಂಗಿ ಊದುತ್ತಾರೆ. ಮರಾಠಿಗರು ಕತ್ತೆಯ ಮುಂದೆ ಗೀತೆಯನ್ನೇ ಓದುತ್ತಾರೆ. ನಾಗಪುರದ ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಇಂಥ ಜೋಡಿಗಳನ್ನು ಹುಡುಕುವುದು ನಮಗೊಂದು ವಿನೋದವಾಗಿತ್ತು. ಭಾಷಾವಾರು ಪ್ರಾಂತಗಳ ಗಡಿಗಳನ್ನು ಕುರಿತು ನಾವು ಎಷ್ಟೇ ಕಾದಾಡಿದರೂ ಅಡಿಗೆಮನೆ, ಅಂಗಳ, ಕೊಟ್ಟಿಗೆಗಳ ವಿವೇಕಕ್ಕೆ ಗಡಿಗಲ್ಲು ನೆಡಲಾಗಿಲ್ಲ. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ಸಮಾಧಾನವಲ್ಲ. ನೆರೆಯವನ ಗಾದೆಯನ್ನು ಬಲ್ಲವನು ನೆರೆಯವನಿಗೆ ಪರಕೀಯನಾಗಿ ಉಳಿಯುವುದಿಲ್ಲ.

ಸರ್ಕಾರಿ ನೌಕರನಾಗಿ ಇನ್ನೊಂದು ಮಾತು. ಗಾದೆಗಳು ಅಧಿಕಾರಕ್ಕೆ ಹೆದರಿದವಲ್ಲ. 'ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ' ಎಂಬುದಕ್ಕಿಂತ ನಿಖರವಾಗಿ ನಮ್ಮ ಕಡತ ವ್ಯವಸ್ಥೆಯನ್ನು ವರ್ಣಿಸಿದ ಆಡಳಿತ ಸುಧಾರಣಾ ವರದಿಯನ್ನು ನಾನಿನ್ನೂ ಓದಿಲ್ಲ. ಮೇಲಿನಿಂದ ಮಂಜೂರಾತಿ ಬಂದಿರುತ್ತದೆ. ಮೂರನೆಯ ಮೇಜಿನಲ್ಲಿ ಅದು ನಿಂತಿರುತ್ತದೆ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದಕ್ಕೆ ಯಾವ ಜಾಗೃತ ದಳದ ಭಾಷ್ಯವೂ ಬೇಕಿಲ್ಲ. 2005ರಲ್ಲಿ ಬಂದ ಮಾಹಿತಿ ಹಕ್ಕು ಕಾಯಿದೆಯು ಪ್ರಜೆಗೆ ಪ್ರಶ್ನೆ ಕೇಳುವ ಹಕ್ಕನ್ನು ಶಾಸನಬದ್ಧವಾಗಿ ಕೊಟ್ಟಿತು. ಅಕ್ಷರವಿಲ್ಲದ ಪ್ರಜೆ ಶತಮಾನಗಳ ಕಾಲ ಅದನ್ನು ಗಾದೆಯ ಮೂಲಕವೇ ಚಲಾಯಿಸಿದ್ದ.

ಇನ್ನು ನಮ್ಮ ಮಕ್ಕಳ ವಿಷಯ. ಮುಂಬಯಿಯ ಕನ್ನಡದ ಮಕ್ಕಳು ಮನೆಗನ್ನಡವನ್ನು ಆಡುತ್ತಾರೆ. ಊಟ ಮಾಡು, ಬಾಗಿಲು ಹಾಕು, ಅಜ್ಜಿಗೆ ಫೋನ್ ಕೊಡು — ಇಷ್ಟರ ಕನ್ನಡ ಉಳಿದಿದೆ. ಇದು ಕೆಲಸ ಸಾಗಿಸುವ ಕನ್ನಡ. ಗಾದೆ ಬೇಡುವುದು ವಾದಿಸುವ, ಕೆಣಕುವ, ಸಂತೈಸುವ ಕನ್ನಡವನ್ನು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂದಾಗ ನನ್ನ ಮಗಳು, ಒಲೆ ಅಟ್ಟದ ಮೇಲೆ ಏಕಿತ್ತು ಎಂದು ಕೇಳಿದಳು. ಇಲ್ಲಿ 'ಅಟ್ಟ' ಎಂದರೆ ಮಾಳಿಗೆಯಲ್ಲ. 'ಅಡು' ಎಂಬ ಹಳೆಯ ಕ್ರಿಯಾಪದದ ಭೂತಕಾಲದ ರೂಪ ಅದು. ಅಡಿಗೆ ಮುಗಿದ ಮೇಲೆ ಒಲೆ ಚೆನ್ನಾಗಿ ಉರಿಯಿತು ಎಂದು ಅರ್ಥ. ಅಡಿಗೆ, ಅಟ್ಟುಂಬುದು ಎಂಬ ಮಾತುಗಳೆಲ್ಲ ಅದೇ ಬೇರಿನವು. ಹಾಗೆಯೇ 'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬಲ್ಲಿಯ ಬಳ್ಳ, ಧಾನ್ಯ ಅಳೆಯುವ ಒಂದು ಮಾಪು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ದೇಶಕ್ಕೆ ಮೆಟ್ರಿಕ್ ಪದ್ಧತಿಯನ್ನು ತಂದಿತು. ಬಳ್ಳ ಮಾರುಕಟ್ಟೆಯಿಂದ ಹೋಯಿತು, ಗಾದೆಯಿಂದ ಹೋಗಲಿಲ್ಲ. ಒಂದು ಗಾದೆಯನ್ನು ಬಿಡಿಸಿ ಹೇಳುವುದೆಂದರೆ ಮಗುವಿಗೆ ಒಂದು ಒಲೆ, ಒಂದು ಕಣ, ಒಂದು ಅಳತೆಯನ್ನು ತೋರಿಸಿದಂತೆ.

ಮಳೆಯ ಗಾದೆಗಳನ್ನೇ ತೆಗೆದುಕೊಳ್ಳಿ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲಿಯೂ ಸುಮಾರು ಹದಿಮೂರು-ಹದಿನಾಲ್ಕು ದಿನ ಇರುತ್ತಾನೆಂಬ ಲೆಕ್ಕದ ಮೇಲೆ ರೈತನ ಪಂಚಾಂಗ ನಿಂತಿದೆ. 'ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ' ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಆರಂಭವಾಗುವ ಹದ. 'ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು' ಎಂದರೆ ಆಗಸ್ಟ್ ತಿಂಗಳ ನಡುವಿನಿಂದ ಸುರಿಯುವ ಮಳೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ವಿಜಯಪುರದ ಕಡೆಯವರಿಗೆ ಜೋಳದ ಈ ಮಾತು ಅನ್ನದ ಪ್ರಶ್ನೆ. 3000 ಮಿಲಿಮೀಟರಿಗೂ ಮೀರಿ ಸುರಿಯುವ ಕರಾವಳಿಯವರಿಗೆ ಅದು ಪರಊರಿನ ಸುದ್ದಿ. ಊರಿನಲ್ಲಿದ್ದರೆ ಈ ಇಬ್ಬರೂ ಒಬ್ಬರ ಗಾದೆಯನ್ನು ಇನ್ನೊಬ್ಬರು ಕೇಳುತ್ತಿದ್ದುದೇ ಅಪರೂಪ. ಉಡುಪಿಯವರು, ಧಾರವಾಡದವರು, ಹಾಸನದವರು ಒಂದೇ ಸಭಾಂಗಣದಲ್ಲಿ ಕೂಡುವುದು ಮುಂಬಯಿಯಂಥ ಊರಿನಲ್ಲಿ, ಇಂಥ ಸಂಘಗಳಲ್ಲಿ. ಕನ್ನಡದ ಎಲ್ಲ ಸೀಮೆಗಳ ಗಾದೆಗಳು ಎದುರುಬದುರಾಗಿ ಕುಳಿತುಕೊಳ್ಳುವ ಜಗಲಿಯೊಂದು ಇದ್ದರೆ ಅದು ಹೊರನಾಡು. ಇದನ್ನು ನಾವು ಕೊರತೆಯೆಂದು ಭಾವಿಸದೆ ಹೊಣೆಯೆಂದು ಭಾವಿಸಬೇಕು.

ನಮ್ಮನ್ನು ಕುರಿತೇ ಹೇಳಿದಂತಿರುವ ಎರಡು ಗಾದೆಗಳಿವೆ. ಒಂದು, 'ಕೆಟ್ಟು ಪಟ್ಟಣ ಸೇರು'. ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಈ ಮಹಾನಗರದಲ್ಲಿ ತಲೆಯೆತ್ತಿದ ಹಿರಿಯರ ಪೀಳಿಗೆಗೆ ಈ ಮಾತಿನ ಭಾರ ಗೊತ್ತು. ಊರು ಕೈಬಿಟ್ಟಾಗ ಪಟ್ಟಣ ಕೈಹಿಡಿಯಿತು. ಇನ್ನೊಂದು, 'ದೂರದ ಬೆಟ್ಟ ನುಣ್ಣಗೆ'. ಊರಿನಲ್ಲಿದ್ದಾಗ ನಮಗೆ ಮುಂಬಯಿ ನುಣ್ಣಗೆ ಕಂಡಿತ್ತು. ಈಗ ಇಲ್ಲಿಂದ ನೋಡಿದಾಗ ಊರು ನುಣ್ಣಗೆ ಕಾಣುತ್ತದೆ. ಅಲ್ಲಿಯ ಬರ, ಜಾತಿಜಗಳ, ಬತ್ತಿದ ಬಾವಿಗಳು ದೂರದಿಂದ ಕಾಣುವುದಿಲ್ಲ. ಹಬ್ಬ ಮತ್ತು ಜಾತ್ರೆ ಮಾತ್ರ ಕಾಣುತ್ತವೆ. ಗಾದೆಗಳ ಬಗೆಗಿನ ನಮ್ಮ ಮೋಹದಲ್ಲಿಯೂ ಈ ನುಣುಪು ಸೇರಿಕೊಂಡಿದೆ. ಬೆಟ್ಟದ ಕಲ್ಲುಮುಳ್ಳುಗಳನ್ನು ಕಂಡೂ ಅದನ್ನು ನಮ್ಮದೆನ್ನುವುದೇ ನಿಜವಾದ ಅಭಿಮಾನ.

ಇಷ್ಟು ಹೇಳಿದ ಮೇಲೆ ಸಂಘದ ಮುಂದೆ ಎರಡು ಸಲಹೆಗಳನ್ನಿಡುತ್ತೇನೆ. ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಮಕ್ಕಳಿಂದ 'ಮೂರು ನಿಮಿಷದಲ್ಲಿ ಅತಿ ಹೆಚ್ಚು ಗಾದೆ' ಹೇಳಿಸುವ ಪದ್ಧತಿಯಿದೆ. ಅದನ್ನು ಕೈಬಿಟ್ಟು ಒಂದು ವ್ಯಾಜ್ಯವನ್ನು ಕೊಡೋಣ. ಕೆಲಸ ಬಿಟ್ಟು ಸ್ವಂತ ಅಂಗಡಿ ತೆರೆಯಬೇಕೆನ್ನುವ ಮಗ, ಬೇಡವೆನ್ನುವ ತಂದೆ. ಎರಡು ಪಕ್ಷಗಳೂ ಗಾದೆಗಳಿಂದಲೇ ವಾದಿಸಲಿ. ಹಿರಿಯರೊಬ್ಬರು ಗಾದೆಯಿಂದಲೇ ತೀರ್ಪು ಕೊಡಲಿ. ಆಗ ಮಗುವಿಗೆ ಗಾದೆ ಬಾಯಿಪಾಠವಾಗದೆ ಬಾಯಿಮಾತಾಗುತ್ತದೆ. ಎರಡನೆಯದು, ನಮ್ಮ ನಡುವೆ ಎಂಬತ್ತು ದಾಟಿದ ಹಿರಿಯರಿದ್ದಾರೆ. ಅವರ ಗಾದೆಗಳನ್ನು ಈ ತ್ರೈಮಾಸಿಕದಲ್ಲಿ ದಾಖಲಿಸೋಣ. ಬರಿಯ ಪಟ್ಟಿಯಾಗಿ ಅಲ್ಲ, ಯಾವ ಸೀಮೆಯ ಮಾತು, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂಬ ವಿವರಗಳೊಂದಿಗೆ. ಕೇಳಿಸಿಕೊಂಡು ನೋಯುವಂತಾದ ಗಾದೆಗಳನ್ನೂ ಮರೆಮಾಚದೆ, ಅವು ಯಾರನ್ನು ನೋಯಿಸಿದವೆಂಬುದನ್ನೂ ಬರೆಯೋಣ. ಅಂಗೈಯಗಲದ ಫೋನುಗಳಲ್ಲಿ ಧ್ವನಿಮುದ್ರಣ ಇಂದು ಖರ್ಚಿಲ್ಲದ ಕೆಲಸ. ಬೇಕಾದದ್ದು ಅವರ ಪಕ್ಕದಲ್ಲಿ ಕುಳಿತುಕೊಳ್ಳುವ ಅರ್ಧ ಗಂಟೆಯ ಬಿಡುವು ಮಾತ್ರ.

ಸಮಿತಿಯ ಸದಸ್ಯರು ಈ ಕೆಲಸಕ್ಕೆ ಕೈಹಾಕಿದಾಗ 'ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು' ಎಂಬಂತಾಗದಿರಲಿ ಎಂದಷ್ಟೇ ಹಾರೈಸುತ್ತೇನೆ. ನನ್ನ ಪಾಲಿನ ಕೆಲಸವಾಗಿ, ಡೊಂಬಿವಲಿ-ಕಲ್ಯಾಣ ಭಾಗದ ಹಿರಿಯರ ಮನೆಗಳಿಗೆ ಹೋಗಿ ಬರೆದುಕೊಂಡು ಬರುವ ಹೊಣೆಯನ್ನು ಈ ವೇದಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.